ಪುಸ್ತಕ ನೋಡಿಕೊಂಡು ಮಾಡುವ ಮೈಂಡ್‌ಫುಲ್‌ನೆಸ್ ಖಿನ್ನತೆಗೆ ಚಿಕಿತ್ಸೆಯಾದೀತೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರ ಶಿಕ್ಷಕ, ವಯಸ್ಸು 43. ಆರು ವರ್ಷಗಳ ಹಿಂದೆ ಖಿನ್ನತೆ ಬಂದಿತ್ತು, ಮಾತ್ರೆಯಿಂದ ಗುಣವಾಯಿತು. ಈಗ ಮೂರು ತಿಂಗಳಿಂದ ಮತ್ತೆ ಶುರುವಾಗಿದೆ. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುತ್ತದೆ, ಉತ್ತರ ಪತ್ರಿಕೆಗಳ ಕಟ್ಟು ನೋಡಿದರೆ ಎದೆ ಭಾರವಾಗುತ್ತದೆ, ಯಾರೊಂದಿಗೂ ಮಾತು ಬೇಡವಾಗಿದೆ. ವೈದ್ಯರು ಒಂಬತ್ತು ಪ್ರಶ್ನೆಗಳ ಪಟ್ಟಿ ತುಂಬಿಸಿ, 13 ಅಂಕ ಬಂದಿದೆ, ಇದು ಮಧ್ಯಮ ಮಟ್ಟದ ಖಿನ್ನತೆ ಎಂದರು. ಮಾತ್ರೆ ಅಥವಾ ಮಾತಿನ ಚಿಕಿತ್ಸೆ, ಎರಡರಲ್ಲಿ ಯಾವುದನ್ನಾದರೂ ಆರಂಭಿಸಬಹುದಂತೆ. ನಮ್ಮೂರಿನಲ್ಲಿ ಆಪ್ತಸಮಾಲೋಚಕರಿಲ್ಲ. ಸ್ನೇಹಿತರೊಬ್ಬರು ಮೈಂಡ್‌ಫುಲ್‌ನೆಸ್ ಪುಸ್ತಕ ಕೊಟ್ಟಿದ್ದಾರೆ. ಅದನ್ನು ನೋಡಿಕೊಂಡು ದಿನವೂ ಕಣ್ಣು ಮುಚ್ಚಿ ಕುಳಿತರೆ ಯೋಚನೆಗಳು ಇನ್ನೂ ಹೆಚ್ಚುತ್ತವೆ. ಇದು ನಿಜವಾಗಿಯೂ ಚಿಕಿತ್ಸೆಯೇ? ನನಗೆ ಇದು ಆಗಿಬರುವುದಿಲ್ಲವೇ? ನನ್ನ ಪತ್ನಿ ತಾನೇನು ಮಾಡಬೇಕೆಂದು ಕೇಳುತ್ತಿದ್ದಾಳೆ.

ಉತ್ತರ: ಮೊದಲು ನೀವು ಬರೆಯದೇ ಬಿಟ್ಟಿರುವ ಒಂದು ವಿಷಯ. ಆ ಪಟ್ಟಿಯ ಒಂಬತ್ತನೆಯ ಪ್ರಶ್ನೆ, ಬದುಕಿರುವುದಕ್ಕಿಂತ ಸಾಯುವುದೇ ಮೇಲು ಎನಿಸುತ್ತದೆಯೇ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬರುತ್ತದೆಯೇ ಎಂಬುದು. ಅದಕ್ಕೆ ನೀವು ಕೊಟ್ಟ ಉತ್ತರ ಸೊನ್ನೆಯಲ್ಲದಿದ್ದರೆ, ಒಟ್ಟು ಅಂಕ ಎಷ್ಟೇ ಇರಲಿ, ಈ ಬರಹವನ್ನು ಪಕ್ಕಕ್ಕಿಡಿ. ಪತ್ನಿಗೆ ಹೇಳಿ, ವೈದ್ಯರನ್ನು ಕಾಣಿ. ರಾತ್ರಿಯಾಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯಲ್ಲಿ ಹೊಲಕ್ಕೆ ತಂದ ಕ್ರಿಮಿನಾಶಕವಿದ್ದರೆ ಅದನ್ನು ಇವತ್ತೇ ಬೇರೆಯವರ ವಶಕ್ಕೆ ಕೊಡಿ.

ಉತ್ತರ ಸೊನ್ನೆಯಾಗಿದ್ದರೆ ಮುಂದೆ ಓದಿ. ಹೌದು, ಮೈಂಡ್‌ಫುಲ್‌ನೆಸ್, ಅಂದರೆ ಈ ಗಳಿಗೆಯಲ್ಲಿ ಮನಸ್ಸಿನಲ್ಲಿ, ಮೈಯಲ್ಲಿ ಆಗುತ್ತಿರುವುದನ್ನು ತೀರ್ಪು ಕೊಡದೆ ಗಮನಿಸುವ ಅಭ್ಯಾಸ, ಅದನ್ನು ಆಧರಿಸಿದ ಸ್ವಸಹಾಯ ನಿಮ್ಮ ಮಟ್ಟದ ಖಿನ್ನತೆಗೆ ನಿಜವಾದ ಚಿಕಿತ್ಸೆ. ಆದರೆ ಪ್ರಯೋಗಗಳಲ್ಲಿ ಫಲ ಕೊಟ್ಟ ಚಿಕಿತ್ಸೆಯ ಅರ್ಧ ಮಾತ್ರ ನಿಮ್ಮ ಕೈಗೆ ಬಂದಿದೆ. ಪುಸ್ತಕ ಬಂದಿದೆ, ಪುಸ್ತಕದ ಜೊತೆಗೆ ಇರಬೇಕಾದ ವ್ಯಕ್ತಿ ಬಂದಿಲ್ಲ. ನಿಮ್ಮ ತೊಂದರೆಯ ಬಹುಭಾಗ ಅಲ್ಲಿಂದಲೇ ಹುಟ್ಟಿದೆ ಎಂದು ನನಗೆ ಅನಿಸುತ್ತದೆ.

2023ರಲ್ಲಿ ಜಾಮಾ ಸೈಕಿಯಾಟ್ರಿ ಪತ್ರಿಕೆಯಲ್ಲಿ ಲೈಟ್‌ಮೈಂಡ್ ಎಂಬ ಬ್ರಿಟನ್ನಿನ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಸೌಮ್ಯದಿಂದ ಮಧ್ಯಮ ಮಟ್ಟದ ಖಿನ್ನತೆಯಿದ್ದ 410 ವಯಸ್ಕರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಿಗೆ ಹಂಚಿದರು. ಒಂದು ಗುಂಪಿಗೆ ಮೈಂಡ್‌ಫುಲ್‌ನೆಸ್ ಆಧಾರಿತ ಚಿಕಿತ್ಸೆಯ ಅಭ್ಯಾಸ ಪುಸ್ತಕ ಕೊಟ್ಟರು. ಇನ್ನೊಂದಕ್ಕೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಮೊದಲಿನಿಂದ ಬಳಕೆಯಲ್ಲಿದ್ದ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳುವ ಚಿಕಿತ್ಸೆಯ ಅಭ್ಯಾಸ ಪುಸ್ತಕ. 16 ವಾರಗಳ ನಂತರ, ನಿಮ್ಮ ವೈದ್ಯರು ಬಳಸಿದ ಅದೇ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ, ಮೈಂಡ್‌ಫುಲ್‌ನೆಸ್ ಗುಂಪಿನ ಸರಾಸರಿ 7.2 ಇತ್ತು, ಸಿಬಿಟಿ ಗುಂಪಿನದು 8.6. ಆರೋಗ್ಯ ಸೇವೆಗೆ ತಗುಲಿದ ಖರ್ಚು ಕೂಡ ಮೈಂಡ್‌ಫುಲ್‌ನೆಸ್ ಗುಂಪಿನಲ್ಲೇ ಕಡಿಮೆ. ಸಿಬಿಟಿ ಗುಂಪಿನ ಒಬ್ಬೊಬ್ಬರಿಗೆ ಸರಾಸರಿ 526 ಪೌಂಡ್ ಹೆಚ್ಚಾಗಿತ್ತು.

ಈ ಅಂಕಿಗಳನ್ನು ಅವುಗಳ ಅಳತೆಯಲ್ಲೇ ನೋಡಬೇಕು. ಸೊನ್ನೆಯಿಂದ 27ರವರೆಗಿನ ಮಾಪನದಲ್ಲಿ ಸುಮಾರು ಒಂದೂವರೆ ಅಂಕದ ವ್ಯತ್ಯಾಸ ದೊಡ್ಡದೇನಲ್ಲ. ಏನೂ ಚಿಕಿತ್ಸೆ ಪಡೆಯದ ಮೂರನೆಯ ಗುಂಪು ಅಲ್ಲಿರಲಿಲ್ಲ. ಆದ್ದರಿಂದ ಇದು ಸಿಬಿಟಿಯನ್ನು ಸೋಲಿಸಿದ ಪವಾಡವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹಳೆಯ, ಒಪ್ಪಿತವಾದ ಚಿಕಿತ್ಸೆಯ ಪಕ್ಕದಲ್ಲಿ ನಿಲ್ಲಿಸಿದಾಗಲೂ ಇದು ಹಿಂದೆ ಬೀಳಲಿಲ್ಲ, ತುಸು ಮುಂದೆಯೇ ಇತ್ತು. ನಿಮ್ಮಂಥವರಿಗೆ ಇದನ್ನು ಸೂಚಿಸಲು ನನಗೆ ಅಷ್ಟು ಸಾಕು.

ಈ ಅಧ್ಯಯನದ ಸುದ್ದಿ ಓದಿದವರು ಮರೆಯುವ ಸಂಗತಿಯೊಂದಿದೆ. ಎರಡೂ ಗುಂಪಿನವರಿಗೆ ಪುಸ್ತಕದ ಜೊತೆಗೆ ತರಬೇತಿ ಪಡೆದ ಕಾರ್ಯಕರ್ತರೊಬ್ಬರೊಂದಿಗೆ ಆರು ಭೇಟಿಗಳಿದ್ದವು. ಆ ಕಾರ್ಯಕರ್ತರು ಮನೋವೈದ್ಯರಲ್ಲ, ದೊಡ್ಡ ಪದವಿಯವರಲ್ಲ; ಸ್ವಸಹಾಯ ಮಾಡುವವರಿಗೆ ಬೆಂಬಲ ಕೊಡುವುದನ್ನೇ ಕಲಿತವರು. ಓದಿದ್ದರಲ್ಲಿ ಏನು ಅರ್ಥವಾಯಿತು, ಎಲ್ಲಿ ಸಿಕ್ಕಿಕೊಂಡಿತು, ಈ ವಾರ ಯಾಕೆ ಬಿಟ್ಟುಹೋಯಿತು ಎಂದು ಕೇಳಿ ಮುಂದಿನ ಹೆಜ್ಜೆಗೆ ಅಣಿಗೊಳಿಸುವುದು ಅವರ ಕೆಲಸ. 2021ರಲ್ಲಿ ಇಂಟರ್ನೆಟ್ ಮೂಲಕ ಕೊಡುವ ಸಿಬಿಟಿಯ 39 ಪ್ರಯೋಗಗಳ, 9,751 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗಲೂ ಇದೇ ಕಂಡಿತು: ಲಕ್ಷಣಗಳು ತೀರಾ ಸೌಮ್ಯವಾಗಿದ್ದರೆ ಒಬ್ಬರೇ ಮಾಡಿಕೊಂಡರೂ ಹೆಚ್ಚು ವ್ಯತ್ಯಾಸವಿಲ್ಲ, ಮಧ್ಯಮ ಮತ್ತು ಅದಕ್ಕಿಂತ ಹೆಚ್ಚಿದ್ದವರಿಗೆ ಬೆಂಬಲವಿದ್ದಾಗಲೇ ಹೆಚ್ಚು ಪ್ರಯೋಜನ. ನಿಮ್ಮ 13 ಈ ಎರಡನೆಯ ಗುಂಪಿಗೆ ಸೇರುತ್ತದೆ.

ನೀವು ಶಿಕ್ಷಕರು, ಆದ್ದರಿಂದ ಕಾರಣ ನಿಮಗೆ ಬೇಗ ಹೊಳೆಯುತ್ತದೆ. ಕಾಪಿ ಪುಸ್ತಕ ಬರೆಯುವ ಮಗುವನ್ನು ಗಮನಿಸಿ. ಮೊದಲ ಸಾಲನ್ನು ಮೇಲಿನ ಅಚ್ಚಿನ ಅಕ್ಷರ ನೋಡಿ ಬರೆಯುತ್ತದೆ. ಎರಡನೆಯ ಸಾಲಿನಿಂದ ತಾನೇ ಬರೆದ ಅಕ್ಷರವನ್ನು ನೋಡಿ ಬರೆಯುತ್ತದೆ. ಮೊದಲ ಸಾಲಿನಲ್ಲಿ ತಪ್ಪಿದ್ದರೆ ಪುಟದ ಕೊನೆಯವರೆಗೂ ಅದೇ ತಪ್ಪು, ಅದೂ ಶ್ರದ್ಧೆಯಿಂದ. ಪಕ್ಕದಲ್ಲಿ ನಿಂತ ಮೇಷ್ಟ್ರು ಎರಡನೆಯ ಸಾಲಿನಲ್ಲೇ ಕೈ ಹಿಡಿದರೆ ಪುಟ ಉಳಿಯುತ್ತದೆ.

ನೀವು ಮೊದಲ ಸಾಲಿನಲ್ಲಿ ತಪ್ಪಿರುವುದು ಎಲ್ಲಿ ಎಂದು ನಿಮ್ಮ ಪತ್ರದಿಂದಲೇ ಊಹಿಸಬಲ್ಲೆ. ಕುಳಿತಾಗ ಯೋಚನೆಗಳು ನಿಲ್ಲಬೇಕು ಎಂದುಕೊಂಡಿದ್ದೀರಿ. ಇದು ನಿಮ್ಮೊಬ್ಬರ ಕಥೆಯಲ್ಲ. ಧ್ಯಾನದ ಮಾತು ಕೇಳುತ್ತಲೇ ಬೆಳೆದ ನಮ್ಮಲ್ಲಿ ಬಹಳಷ್ಟು ಜನ ಕಣ್ಣು ಮುಚ್ಚಿದ ಕೂಡಲೇ ಚಿತ್ತ ನಿಶ್ಚಲವಾಗಬೇಕು, ಏಕಾಗ್ರತೆ ಬರಬೇಕು ಎಂದು ನಿರೀಕ್ಷಿಸುತ್ತಾರೆ. ಬಾರದಿದ್ದರೆ ಅಂಕ ಕಳೆದುಕೊಂಡಂತೆ ಕುಗ್ಗುತ್ತಾರೆ. ಖಿನ್ನತೆಯಲ್ಲಿರುವ ಮನಸ್ಸಿಗೆ ಅದು ಇನ್ನೊಂದು ಸಾಕ್ಷಿಯಾಗುತ್ತದೆ: ನೋಡು, ಸುಮ್ಮನೆ ಕುಳಿತುಕೊಳ್ಳಲೂ ನಿನಗೆ ಬರುವುದಿಲ್ಲ.

ಈ ಚಿಕಿತ್ಸೆಯ ಗುರಿ ಬೇರೆಯೇ ಇದೆ. ದೇಹದ ನೋವು, ಒತ್ತಡಗಳಿಂದ ಬಳಲುತ್ತಿದ್ದವರಿಗಾಗಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್ ಜಿನ್ 1979ರಲ್ಲಿ ಎಂಟು ವಾರಗಳ ಒಂದು ಕ್ರಮವನ್ನು ಆರಂಭಿಸಿದ್ದರು. 1990ರ ದಶಕದಲ್ಲಿ ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಅದನ್ನು ಖಿನ್ನತೆಗೆ ಹೊಂದಿಸಿದರು. ಅವರನ್ನು ಕಾಡಿದ್ದ ಪ್ರಶ್ನೆ, ಗುಣವಾದವರಿಗೂ ಖಿನ್ನತೆ ಯಾಕೆ ಮರಳಿ ಬರುತ್ತದೆ ಎಂಬುದು. ಒಮ್ಮೆ ಖಿನ್ನತೆ ಅನುಭವಿಸಿದವರಿಗೆ ಒಂದು ಸಣ್ಣ ಬೇಸರ ಬಂದರೂ ಸಾಕು, ಹಳೆಯ ಯೋಚನೆಗಳ ಸರಣಿ ತಾನಾಗಿ ಎದ್ದುಬಿಡುತ್ತದೆ. ನನಗೇ ಯಾಕೆ ಹೀಗೆ, ನನ್ನಲ್ಲೇ ದೋಷವಿದೆ, ಮುಂದೆಯೂ ಹೀಗೇ ಎಂದು ಮನಸ್ಸು ಮೆಲುಕು ಹಾಕತೊಡಗುತ್ತದೆ. ಬೇಸರದಿಂದ ಹೊರಬರಲೆಂದೇ ಮನಸ್ಸು ಹಾಗೆ ಯೋಚಿಸುತ್ತದೆ, ಆದರೆ ಯೋಚಿಸಿದಷ್ಟೂ ಬೇಸರ ಆಳವಾಗುತ್ತದೆ. ಈ ಸರಣಿ ಆರಂಭವಾಗುವ ಗಳಿಗೆಯನ್ನು ಗುರುತಿಸುವುದು, ಗುರುತಿಸಿ ಅದರ ಜೊತೆ ವಾದಕ್ಕೆ ಇಳಿಯದಿರುವುದು, ಗಮನವನ್ನು ಉಸಿರಿಗೋ ಪಾದಕ್ಕೋ ತರುವುದು: ಕಲಿಯಬೇಕಾದ ಕೌಶಲ ಇಷ್ಟೇ. ಹೇಳಲು ಸುಲಭ, ಮಾಡಲು ವಾರಗಳು ಹಿಡಿಯುತ್ತವೆ.

ನಿಮ್ಮ ಉತ್ತರ ಪತ್ರಿಕೆಗಳ ಕಟ್ಟನ್ನೇ ತೆಗೆದುಕೊಳ್ಳೋಣ. ಅದನ್ನು ನೋಡಿದೊಡನೆ ಎದೆ ಭಾರವಾಗುತ್ತದೆ. ಮರುಕ್ಷಣ, ಇಷ್ಟು ತಿದ್ದಲೂ ನನ್ನಿಂದಾಗುತ್ತಿಲ್ಲ ಎಂಬ ಮಾತು ಬರುತ್ತದೆ. ಅದರ ಹಿಂದೆ, ನಾನೊಬ್ಬ ನಾಲಾಯಕ್ ಶಿಕ್ಷಕ. ಅದರ ಹಿಂದೆ, ಮಕ್ಕಳಿಗೆ ಮೋಸ ಮಾಡುತ್ತಿದ್ದೇನೆ. ಅರ್ಧ ನಿಮಿಷದೊಳಗೆ ನಿಮ್ಮ ಇಡೀ ಬದುಕಿಗೆ ತೀರ್ಪು ಬಂದಿರುತ್ತದೆ. ಆ ತೀರ್ಪು ನಿಜವೇ ಎಂದು ಪರೀಕ್ಷಿಸಿ ನೋಡುವ ಕೆಲಸವನ್ನು ಸಿಬಿಟಿ ಮಾಡಿಸುತ್ತದೆ, ಅದೂ ಒಳ್ಳೆಯ ದಾರಿಯೇ. ಮೈಂಡ್‌ಫುಲ್‌ನೆಸ್ ಕೇಳುವುದು ಬೇರೆ: ಎದೆ ಭಾರವಾಗಿದೆ, ಭುಜ ಬಿಗಿದಿದೆ, ನಾಲಾಯಕ್ ಎಂಬ ಯೋಚನೆ ಬಂದಿದೆ ಎಂದು ಮೂರನ್ನೂ ಬೇರೆ ಬೇರೆಯಾಗಿ ಕಾಣಲು ಆಗುತ್ತದೆಯೇ? ನಾನು ನಾಲಾಯಕ್ ಎಂದು ನಂಬಿ ಕುಳಿತವನಿಗೆ ಮುಂದಿನ ದಾರಿಯಿಲ್ಲ. ಅಂಥ ಯೋಚನೆ ಬಂದಿದೆ ಎಂದು ಕಂಡವನಿಗೆ ಪೆನ್ನು ಎತ್ತಿಕೊಳ್ಳುವಷ್ಟು ಜಾಗ ಸಿಗುತ್ತದೆ.

ಹೀಗಾಗಿ ಯೋಚನೆಗಳು ಹೆಚ್ಚುತ್ತಿವೆ ಎಂದು ನೀವು ಬರೆದದ್ದನ್ನು ನಾನು ಸೋಲೆಂದು ಓದಲಿಲ್ಲ. ದಿನವಿಡೀ ಹಿನ್ನೆಲೆಯಲ್ಲಿ ನಡೆಯುತ್ತಿದ್ದದ್ದು ಸುಮ್ಮನೆ ಕುಳಿತಾಗ ಕಿವಿಗೆ ಬೀಳುತ್ತಿದೆ. ಮೊದಲ ವಾರಗಳಲ್ಲಿ ಇದು ಬಹಳ ಜನರಿಗೆ ಆಗುತ್ತದೆ. ಗಮನ ಹತ್ತು ಸಲ ಓಡಿಹೋಗಿ ಹತ್ತು ಸಲ ನೀವು ಅದನ್ನು ಕರೆತಂದರೆ, ಆ ಹತ್ತು ಸಲವೂ ಅಭ್ಯಾಸವಾಯಿತೆಂದೇ ಲೆಕ್ಕ.

ಆದರೂ ಈಗ ನೀವು ಮಾಡುತ್ತಿರುವ ರೀತಿಯನ್ನು ಬದಲಿಸಿ. ಕಣ್ಣು ಮುಚ್ಚಿ ದೀರ್ಘವಾಗಿ ಕೂರುವುದನ್ನು ಸದ್ಯಕ್ಕೆ ಬಿಡಿ. ದಿನಕ್ಕೊಂದು ಸಾಮಾನ್ಯ ಕೆಲಸವನ್ನು ಪೂರ್ತಿ ಗಮನವಿಟ್ಟು ಮಾಡಿ: ತಲೆಗೆ ಬೀಳುವ ನೀರಿನ ಬಿಸಿ, ಶಾಲೆಗೆ ನಡೆಯುವಾಗ ಅಂಗಾಲಿಗೆ ತಾಗುವ ನೆಲ, ಯಾವುದಾದರೂ ಸರಿ. ಸಂಜೆ ಮಲಗಿಕೊಂಡು, ಕಣ್ಣು ತೆರೆದೇ, ಕಾಲ್ಬೆರಳಿನಿಂದ ತಲೆಯವರೆಗೆ ಒಂದೊಂದು ಭಾಗದ ಮೇಲೆ ಗಮನ ಹರಿಸಿ. ಖಿನ್ನತೆಯಲ್ಲಿ ಯೋಚನೆಗಿಂತ ದೇಹವನ್ನು ಗಮನಿಸುವುದು ಆರಂಭಕ್ಕೆ ಸುಲಭ, ಏಕೆಂದರೆ ದೇಹ ವಾದ ಮಾಡುವುದಿಲ್ಲ.

ಜೊತೆಗೆ ಮೂರು ನಿಮಿಷದ ಒಂದು ಅಭ್ಯಾಸವನ್ನು ದಿನಕ್ಕೆ ಮೂರು ಹೊತ್ತು, ಗೊತ್ತಾದ ಸಮಯಕ್ಕೆ ಮಾಡಿ. ಮೊದಲ ತರಗತಿಗೆ ಮುನ್ನ, ಮಧ್ಯಾಹ್ನದ ಊಟದ ನಂತರ, ಮನೆಗೆ ಬಂದ ಮೇಲೆ. ಮೊದಲ ನಿಮಿಷ, ಈಗ ಮನಸ್ಸಿನಲ್ಲಿ ಏನಿದೆ, ಮೈಯಲ್ಲಿ ಏನಿದೆ ಎಂದು ನೋಡಿ, ಏನನ್ನೂ ಬದಲಿಸಬೇಡಿ. ಎರಡನೆಯ ನಿಮಿಷ, ಹೊಟ್ಟೆಯ ಏರಿಳಿತದಲ್ಲಿ ಉಸಿರನ್ನು ಗಮನಿಸಿ. ಮೂರನೆಯ ನಿಮಿಷ, ಗಮನವನ್ನು ಇಡೀ ದೇಹಕ್ಕೆ, ಕುಳಿತ ಭಂಗಿಗೆ, ಮುಖದ ಬಿಗಿತಕ್ಕೆ ಹರಡಿ. ಎರಡು ಮೂರು ವಾರ ಇದು ಕೈಗೆ ಹತ್ತಿದ ಮೇಲೆ ಪತ್ರಿಕೆಯ ಕಟ್ಟಿನ ಮುಂದೆ ಬಳಸಿ. ಮೂರು ನಿಮಿಷ ಮುಗಿದ ಕೂಡಲೇ ಐದು ಪತ್ರಿಕೆ ತಿದ್ದಿ, ಎದ್ದುಬಿಡಿ. ಆರನೆಯದು ನಾಳೆಗೆ.

ಆ ಐದು ಪತ್ರಿಕೆಯನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಖಿನ್ನತೆಯಲ್ಲಿ ಮನಸ್ಸು ಬಂದಾಗ ಮಾಡುತ್ತೇನೆ ಎಂದು ಕಾದರೆ ಮನಸ್ಸು ಬರುವುದೇ ಇಲ್ಲ. ಮೊದಲು ಸಣ್ಣ ಕೆಲಸ, ಉತ್ಸಾಹ ಅದರ ಹಿಂದೆ. ಇದಕ್ಕೆ ನಮ್ಮ ನೆರೆಯ ಗೋವಾದಲ್ಲೇ ಬಲವಾದ ಪುರಾವೆಯಿದೆ. ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ನಿಮಗಿಂತ ತೀವ್ರವಾದ ಖಿನ್ನತೆಯಿದ್ದ 495 ಜನರ ಮೇಲೆ ನಡೆದ ಪ್ರಯೋಗ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ವೈದ್ಯಕೀಯ ಹಿನ್ನೆಲೆಯೇ ಇಲ್ಲದ, ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು ಆರರಿಂದ ಎಂಟು ಭೇಟಿಗಳಲ್ಲಿ ಜನರನ್ನು ಹೀಗೆಯೇ ಸಣ್ಣ ಸಣ್ಣ ಕೆಲಸಗಳಿಗೆ ಮರಳಿಸಿದರು. ಮೂರು ತಿಂಗಳಿಗೆ ಅವರಲ್ಲಿ ಶೇ 64ರಷ್ಟು ಜನರ ಖಿನ್ನತೆ ಇಳಿದಿತ್ತು. ಕೇಂದ್ರದ ಸಾಮಾನ್ಯ ಆರೈಕೆ ಮಾತ್ರ ಸಿಕ್ಕವರಲ್ಲಿ ಅದು ಶೇ 39. ಇಲ್ಲಿಯೂ ನೋಡಿ, ಜೊತೆಗೊಬ್ಬ ವ್ಯಕ್ತಿಯಿದ್ದರು.

ಹಾಗಾದರೆ ನಿಮಗೆ ಆ ವ್ಯಕ್ತಿ ಎಲ್ಲಿ ಸಿಗುತ್ತಾರೆ? ನಿಮ್ಮೂರಿನಲ್ಲಿ ಸಮಾಲೋಚಕರಿಲ್ಲ ಎಂಬುದು ನಿಜವಾದ ಕೊರತೆ, ಅದನ್ನು ಹಗುರವಾಗಿ ಕಾಣುವುದಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು 20ರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಯನ್ನು ಅನುಭವಿಸಿದ್ದಾರೆ. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ತಲುಪಿಲ್ಲ. ಆದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ನೀವು ಹೋಗಬಹುದು. ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗವೇ ಮುಂದೆ ದೇಶಕ್ಕೆಲ್ಲ ಮಾದರಿಯಾಗಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಆ ಕಾರ್ಯಕ್ರಮದ ತಂಡದಲ್ಲಿ ಮನಶ್ಶಾಸ್ತ್ರಜ್ಞರೋ ಮನೋಸಾಮಾಜಿಕ ಕಾರ್ಯಕರ್ತರೋ ಇದ್ದಾರೆಯೇ ಎಂದು ವಿಚಾರಿಸಿ. ಇದ್ದರೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಕೇಳಿಕೊಳ್ಳಿ. ಇಲ್ಲದಿದ್ದರೆ ವಿಡಿಯೊ ಕರೆಯಲ್ಲಿ ಕನ್ನಡದಲ್ಲಿ ಮಾತನಾಡುವ ಅರ್ಹ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನು ಹುಡುಕಿ. ಅದೂ ಆಗದಿದ್ದರೆ ಟೆಲಿ ಮಾನಸ್‌ಗೆ ಕರೆ ಮಾಡಿ, ನಾನು ಇಂಥ ಅಭ್ಯಾಸ ಮಾಡುತ್ತಿದ್ದೇನೆ, ಇಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಹೇಳಿ. ಅದು ಸಂಕಟದ ಗಳಿಗೆಗೆ ಮಾತ್ರ ಇರುವ ಸಂಖ್ಯೆಯಲ್ಲ. ಮೊಬೈಲ್ ಆ್ಯಪ್ ಅಭ್ಯಾಸದ ಸಮಯವನ್ನು ನೆನಪಿಸಬಲ್ಲದು. ನಿಮ್ಮ ತಪ್ಪಾದ ಮೊದಲ ಸಾಲನ್ನು ಅದು ನೋಡುವುದಿಲ್ಲ.

ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಎರಡು ವಿಷಯ ಕೇಳಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಬೇಕೇ ಎಂಬುದು ಒಂದು. ಇವುಗಳ ಕೊರತೆಯ ಸುಸ್ತು ಖಿನ್ನತೆಯ ಜೊತೆ ಬೆರೆತುಹೋಗುತ್ತದೆ. ಇನ್ನೊಂದು ಮಾತ್ರೆಯ ವಿಷಯ, ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಬೆಂಬಲದೊಂದಿಗೆ ನಾಲ್ಕರಿಂದ ಆರು ವಾರ ಈ ಅಭ್ಯಾಸ ಮಾಡಿ, ಎರಡು ವಾರಕ್ಕೊಮ್ಮೆ ಅದೇ ಪಟ್ಟಿಯನ್ನು ತುಂಬಿ. ಅಂಕ ಇಳಿಯದಿದ್ದರೆ, ಅಥವಾ ಅದಕ್ಕೂ ಮೊದಲೇ ಏರತೊಡಗಿದರೆ, ಮಾತ್ರೆ ಆರಂಭಿಸಲು ಹಿಂಜರಿಯಬೇಡಿ. ಕಳೆದ ಸಲ ಅದು ನಿಮಗೆ ಕೆಲಸ ಮಾಡಿದೆ, ಅದು ದೊಡ್ಡ ಸುಳಿವು. ಮಾತ್ರೆ ನುಂಗುತ್ತಲೇ ಅಭ್ಯಾಸ ಮುಂದುವರಿಸಬಹುದು. ಎರಡರ ನಡುವೆ ಜಗಳವಿಲ್ಲ. ಆರಂಭಿಸಿದ ಮೇಲೆ ಚೆನ್ನಾಗಿದೆಯೆಂದು ನೀವೇ ನಿಲ್ಲಿಸಬೇಡಿ.

ಮೈಂಡ್‌ಫುಲ್‌ನೆಸ್ ಮಾಡಿದರೆ ಖಿನ್ನತೆ ಮರಳಿ ಬರುವುದೇ ಇಲ್ಲ ಎಂದು ಪುಸ್ತಕದ ಹಿಂಬದಿಯಲ್ಲಿ ಬರೆದಿದ್ದರೆ ಅದನ್ನೂ ತೂಗಿ ನೋಡಬೇಕು. 2000ದಲ್ಲಿ ಪ್ರಕಟವಾದ ಮೊದಲ ದೊಡ್ಡ ಪ್ರಯೋಗದಲ್ಲಿ, ಗುಣವಾಗಿದ್ದ 145 ಜನರಲ್ಲಿ, ಹಿಂದೆ ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದವರನ್ನು ನೋಡಿದರೆ, ಸಾಮಾನ್ಯ ಆರೈಕೆ ಮಾತ್ರ ಸಿಕ್ಕವರಲ್ಲಿ ಮರುಕಳಿಕೆ ಶೇ 66 ಇತ್ತು, ಜೊತೆಗೆ ಈ ಚಿಕಿತ್ಸೆಯನ್ನೂ ಪಡೆದವರಲ್ಲಿ ಶೇ 37. ಎರಡೇ ಸಲ ಬಂದವರಲ್ಲಿ ಆ ಲಾಭ ಕಾಣಲಿಲ್ಲ. ನಿಮಗಿದು ಎರಡನೆಯ ಸಲ. ಮುಂದೆ 2015ರಲ್ಲಿ, 424 ಜನರ ಇನ್ನೊಂದು ಅಧ್ಯಯನದಲ್ಲಿ, ಚಿಕಿತ್ಸಕರ ಮಾರ್ಗದರ್ಶನದ ತರಗತಿಗಳೊಂದಿಗೆ ಮಾತ್ರೆಯನ್ನು ಹಂತಹಂತವಾಗಿ ಕಡಿಮೆ ಮಾಡಿದವರಲ್ಲಿ ಎರಡು ವರ್ಷಗಳೊಳಗೆ ಶೇ 44 ಜನರಿಗೆ, ಮಾತ್ರೆ ಮುಂದುವರಿಸಿದವರಲ್ಲಿ ಶೇ 47 ಜನರಿಗೆ ಖಿನ್ನತೆ ಮರಳಿತು. ಅಂದರೆ ಎರಡೂ ಸರಿಸಮ, ಎರಡೂ ಅಪೂರ್ಣ. ಆದ್ದರಿಂದ ನಿಮ್ಮ ಗುರಿ ಸದ್ಯಕ್ಕೆ ಈ ಸಲದ ಖಿನ್ನತೆಯಿಂದ ಎದ್ದು ಬರುವುದಷ್ಟೇ ಆಗಿರಲಿ.

ಅಭ್ಯಾಸ ನಿಲ್ಲಿಸಬೇಕಾದ ಸಂದರ್ಭಗಳೂ ಇವೆ. ಕುಳಿತಾಗ ಹಳೆಯ ಆಘಾತದ ದೃಶ್ಯಗಳು ಕಣ್ಣೆದುರು ಬಂದರೆ, ಉಸಿರು ಕಟ್ಟಿದಂತಾಗಿ ಗಾಬರಿ ಏರಿದರೆ, ಸುತ್ತಲಿನದೆಲ್ಲ ಸುಳ್ಳೆನಿಸತೊಡಗಿದರೆ, ಅದನ್ನು ದಾಟಿ ಮುಂದೆ ಹೋಗುವ ಹಟ ಬೇಡ. ಕಣ್ಣು ತೆರೆಯಿರಿ, ಎದ್ದು ನಡೆಯಿರಿ, ವೈದ್ಯರಿಗೆ ತಿಳಿಸಿ. ಹಿಂದೆ ಎಂದಾದರೂ ನಿದ್ದೆಯೇ ಬೇಡದಂಥ, ಮಿತಿಮೀರಿದ ಉತ್ಸಾಹದ ದಿನಗಳು ಬಂದಿದ್ದರೆ ಅದನ್ನೂ ತಿಳಿಸಿ. ಆಗ ಚಿಕಿತ್ಸೆಯೇ ಬದಲಾಗುತ್ತದೆ. ಹತ್ತು ದಿನ ಮೌನವಾಗಿರುವ ಧ್ಯಾನ ಶಿಬಿರಕ್ಕೆ ಯಾರಾದರೂ ಪ್ರೀತಿಯಿಂದಲೇ ಕರೆದರೂ ಈಗ ಹೋಗಬೇಡಿ. ಆರೋಗ್ಯವಂತರಿಗೆ ಹಿತವೆನಿಸುವ ಆ ಏಕಾಂತ, ಖಿನ್ನತೆಯಲ್ಲಿರುವವರನ್ನು ಮೆಲುಕಿನೊಂದಿಗೆ ಒಂಟಿಯಾಗಿ ಬಿಡುತ್ತದೆ. ಬೆಳಗಿನ ನಾಲ್ಕು ಗಂಟೆಯ ಎಚ್ಚರಕ್ಕೂ ಧ್ಯಾನವನ್ನು ನಿದ್ದೆ ಮಾತ್ರೆಯಂತೆ ಬಳಸಬೇಡಿ. ಮಗ್ಗುಲು ಬದಲಿಸುತ್ತಾ ಯೋಚನೆಗೆ ಸಿಕ್ಕಿದಿರೆಂದು ತಿಳಿದ ಕೂಡಲೇ ಹಾಸಿಗೆ ಬಿಟ್ಟು, ಮಂದ ಬೆಳಕಿನಲ್ಲಿ ಏನಾದರೂ ಸರಳ ಕೆಲಸ ಮಾಡಿ, ಕಣ್ಣು ಎಳೆದಾಗ ಮರಳಿ ಮಲಗಿ.

ಇನ್ನು ನಿಮ್ಮ ಪತ್ನಿಯ ಪ್ರಶ್ನೆ. ಅವರು ಕೇಳಿದ್ದಾರೆಂಬುದೇ ನಿಮ್ಮ ಪಾಲಿನ ದೊಡ್ಡ ಬಲ. ಇವತ್ತು ಅಭ್ಯಾಸ ಮಾಡಿದಿರಾ ಎಂದು ದಿನವೂ ಕೇಳುವ ಕೆಲಸ ಮಾತ್ರ ಅವರಿಗೆ ಬೇಡ. ಅದು ನಿಮ್ಮನ್ನು ತಪ್ಪಿತಸ್ಥರನ್ನಾಗಿಯೂ ಅವರನ್ನು ಪರೀಕ್ಷಕರನ್ನಾಗಿಯೂ ಮಾಡುತ್ತದೆ. ಸಂಜೆ ನಿಮ್ಮ ಜೊತೆ ನಡೆಯಲು ಬರಲಿ, ಮಾತಾಡಲೇಬೇಕೆಂದಿಲ್ಲ. ವೈದ್ಯರ ಭೇಟಿಗೆ ಒಮ್ಮೆ ಜೊತೆಗೆ ಬರಲಿ. ನೀವು ಸ್ವಲ್ಪ ಚೇತರಿಸಿಕೊಂಡ ಮೇಲೆ ಇಬ್ಬರೂ ಕುಳಿತು, ಆರು ವರ್ಷಗಳ ಹಿಂದೆ ಮತ್ತು ಈ ಸಲ ಖಿನ್ನತೆ ಶುರುವಾಗುವ ಮುನ್ನ ಮನೆಯಲ್ಲಿ ಮೊದಲು ಕಂಡ ಬದಲಾವಣೆಗಳನ್ನು ಬರೆಯಿರಿ: ಪತ್ರಿಕೆ ಓದುವುದು ನಿಂತಿತೇ, ಫೋನ್ ಎತ್ತುವುದು ನಿಂತಿತೇ, ಊಟದ ಹೊತ್ತು ಏರುಪೇರಾಯಿತೇ. ಇಂಥವು ನಿಮಗಿಂತ ಮೊದಲು ಅವರ ಕಣ್ಣಿಗೆ ಬಿದ್ದಿರುತ್ತವೆ. ಅದರ ಕೆಳಗೆ, ಇವುಗಳಲ್ಲಿ ಯಾವುದಾದರೂ ಎರಡು ಬದಲಾವಣೆಗಳು ಎರಡು ವಾರ ಮುಂದುವರಿದರೆ ಯಾರಿಗೆ ಕರೆ ಮಾಡಬೇಕು ಎಂದು ಹೆಸರು, ಸಂಖ್ಯೆ ಬರೆದಿಡಿ. ಆ ಕರೆಯನ್ನು ನಿಮ್ಮನ್ನು ಕೇಳದೆಯೇ ಮಾಡಲು ಅವರಿಗೆ ಈಗಲೇ ಅನುಮತಿ ಕೊಡಿ.